ಅಳಿಯನಿಗೆ ಅರ್ಥವಾಗದ ‘ನೋಡೋಣ’

ಆ ಕಚೇರಿಯಲ್ಲಿ ಕೋಡ್ ಬರೆಯುವ ಎಐಗೆ ‘ಅಳಿಯ’ ಎಂದು ಹೆಸರಿಟ್ಟವರು ಅತ್ತಿಗೆ. ಮೆತ್ತಗೆ ಮಾತಾಡುತ್ತದೆ, ಎಡವಟ್ಟು ಮಾಡಿದರೂ ಮನೆಮಂದಿಯೆಲ್ಲ ಹಲ್ಲು ಕಿರಿಯುತ್ತ ಉಪಚರಿಸಬೇಕು, ಇನ್ನೇನಂತ ಕರೆಯುವುದು ಎಂದು ಅವರ ವಾದ. ಅತ್ತಿಗೆ ಎಂದರೆ ಧಣಿಯ ಅಣ್ಣನ ಹೆಂಡತಿ, ಲೆಕ್ಕಪತ್ರ ನೋಡುವವರು. ಧಣಿಗೆ ಅತ್ತಿಗೆ, ಹಾಗಾಗಿ ಕಚೇರಿಗೆಲ್ಲ ಅತ್ತಿಗೆ.

ನಾಲ್ಕನೇ ಮಹಡಿಯ ಆ ಕಚೇರಿಯ ಕೆಲಸ, ಲಿಫ್ಟುಗಳನ್ನು ಓಡಿಸುವ ಪ್ರೋಗ್ರಾಂ ಬರೆಯುವುದು. ಬರೆದದ್ದನ್ನು ಮೊದಲು ಅದೇ ಕಟ್ಟಡದ ಲಿಫ್ಟಿಗೆ ಹಾಕಿ ನೋಡುತ್ತಿದ್ದರು. ಅದರಿಂದಾಗಿ ಆ ಕಟ್ಟಡದ ಬಾಡಿಗೆದಾರರೆಲ್ಲ ಮೆಟ್ಟಿಲು ಹತ್ತುವುದರಲ್ಲಿ ಚೆನ್ನಾಗಿ ಪಳಗಿದ್ದರು.

ಸಿಡುಕ ಓದನ್ನು ಅರ್ಧಕ್ಕೇ ಬಿಟ್ಟು ಅಲ್ಲಿಗೆ ಬಂದದ್ದು ಲಿಫ್ಟಿಗೆ ಗ್ರೀಸ್ ಹಚ್ಚುವುದಕ್ಕೆ. ಹಚ್ಚುತ್ತ ಹಚ್ಚುತ್ತ, ಬೈಯುತ್ತ ಬೈಯುತ್ತ, ಕೋಡ್ ತಿದ್ದುವುದನ್ನೂ ಕಲಿತ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಕೊರಳಿನ ಗುರುತಿನ ಚೀಟಿಯಲ್ಲೂ ಅದೇ ಇತ್ತು, ಆದರೆ ಅದರ ನೆತ್ತಿಯ ಮೇಲೇ ‘ತಾತ್ಕಾಲಿಕ’ ಎಂಬ ಕೆಂಪು ಮುದ್ರೆ ಬಿದ್ದು ಓದಲು ಬರುತ್ತಿರಲಿಲ್ಲ.

ಅವನ ಸಿಟ್ಟಿಗೆಲ್ಲ ಆ ಮುದ್ರೆಯೇ ಮೂಲ. ಮನೆಗೆ ನೆಂಟರು ಬಂದರೆ ಅಮ್ಮ, “ನಮ್ಮೋನು ಸದ್ಯಕ್ಕೆ ಕೆಲಸದಲ್ಲಿದ್ದಾನೆ” ಅನ್ನುತ್ತಿದ್ದಳು. ಆ ‘ಸದ್ಯಕ್ಕೆ’ ಕಿವಿಗೆ ಬಿದ್ದರೆ ಇವನು ತಟ್ಟೆ ದೂಡಿ ಎದ್ದುಬಿಡುತ್ತಿದ್ದ. ಮೂರು ವರ್ಷದಿಂದ ಧಣಿಯನ್ನು ಕೇಳುತ್ತಲೇ ಇದ್ದ: “ಧಣಿ, ನನ್ನ ಕೆಲಸ ಕಾಯಂ ಮಾಡೋ ವಿಷಯ ಏನಾಯ್ತು?” ಧಣಿ ಭಾರಿ ಸಜ್ಜನ. ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದವನಲ್ಲ, ಹೂಂ ಎಂದವನೂ ಅಲ್ಲ. “ನೋಡೋಣ ಕಣಪ್ಪ,” ಅನ್ನುತ್ತಿದ್ದ, ಹೆಗಲು ತಟ್ಟಿ.

ಹೀಗಿರುವಾಗ ಅಳಿಯ ಒಂದು ಕೆಲಸ ಮಾಡಿದ. ಭಾನುವಾರ ಯಾರೂ ಮೂರನೇ ಮಹಡಿಯ ಗುಂಡಿ ಒತ್ತಲಿಲ್ಲ ಎಂದು ಕಂಡು, ಆ ಮಹಡಿ ಬೇಡವಾದದ್ದೆಂದು ತೀರ್ಮಾನಿಸಿ ಪ್ರೋಗ್ರಾಮಿನಿಂದ ತೆಗೆದುಹಾಕಿದ. ಸೋಮವಾರ ಬೆಳಿಗ್ಗೆ ಮೂರನೇ ಮಹಡಿಯ ದರ್ಜಿ ಮೇಲಕ್ಕೂ ಕೆಳಕ್ಕೂ ಹೋಗಿ ಬಂದು, ತನ್ನ ಅಂಗಡಿ ಎಲ್ಲಿ ಹೋಯಿತೆಂದು ಲಿಫ್ಟಿನಲ್ಲೇ ಕೂತು ಅತ್ತ.

ಧಣಿ ಸಿಡುಕನನ್ನು ಕರೆದ. “ಅಳಿಯನಿಗೆ ಒಂದಷ್ಟು ನಿಯಮ ಬರಿ. ನೀನೇ ಬರಿ, ಬೈಯೋದ್ರಲ್ಲಿ ನಿನ್ನದು ಎತ್ತಿದ ಕೈ.”

“ಬರೆದ್ರೆ ಕಾಯಂ ಮಾಡ್ತೀರಾ?”

“ನೋಡೋಣ.”

ಸಿಡುಕ ಹಲ್ಲು ಕಡಿಯುತ್ತ ಕೂತು ಬರೆದ. ಧಣಿಯನ್ನು ಬಾಯಿಬಿಟ್ಟು ಕೇಳದೆ ಒಂದಕ್ಷರವನ್ನೂ ಬದಲಿಸಬೇಡ. ಪ್ರಶ್ನೆಗಳನ್ನು ಸರದಿಯಂತೆ ಕೇಳು, ಒಂದಕ್ಕೆ ಉತ್ತರ ಬಾರದೆ ಇನ್ನೊಂದಕ್ಕೆ ಹೋಗಬೇಡ. ‘ಮಾಡು’ ಎಂದರೆ ಮಾಡು, ‘ಬೇಡ’ ಎಂದರೆ ಬಿಡು.

ಪರದೆಯ ಮೇಲೆ ಅಳಿಯ ಕೇಳಿದ: “ಧಣಿಯವರು ಹೆಚ್ಚಾಗಿ ‘ನೋಡೋಣ’ ಎನ್ನುತ್ತಾರೆ. ಯಾರು, ಏನನ್ನು, ಯಾವಾಗ ನೋಡುವುದು?”

ಸಿಡುಕನ ಬೆರಳು ಅಲ್ಲೇ ನಿಂತಿತು. “ಅತ್ತಿಗೆ, ನೋಡೋಣ ಅಂದ್ರೆ ಏನಂತ ಬರೀಲಿ?”

“ಬೇಡ ಅಂತ ಬರಿ,” ಎಂದರು ಅತ್ತಿಗೆ, ತಲೆ ಎತ್ತದೆ. “ಈ ಮನೆಗೆ ಬಂದಾಗಿಂದ ನೋಡ್ತಿದೀನಿ. ನಮ್ಮ ಮೈದುನ ನೋಡೋಣ ಅಂದಿದ್ದನ್ನ ಇದುವರೆಗೆ ಯಾರೂ ಕಣ್ಣಲ್ಲಿ ನೋಡಿಲ್ಲ.”

ಸಿಡುಕ ‘ನೋಡೋಣ ಎಂದರೆ ಬೇ’ ಎಂದು ಹೊಡೆದ. ಮುಂದಿನ ‘ಡ’ ಬರಲಿಲ್ಲ. ಅದೊಂದು ಅಕ್ಷರ ಬಿದ್ದರೆ ಮೂರು ವರ್ಷದ ಅಷ್ಟೂ ನೋಡೋಣಗಳು ಒಟ್ಟಿಗೆ ಬೇಡಗಳಾಗಿ ತಲೆಯ ಮೇಲೆ ಸುರಿಯುತ್ತಿದ್ದವು. ಅದೂ ತನ್ನ ಕೈಯಿಂದಲೇ! ಥೂ ಎಂದು ಅಳಿಸಿ, ಹೀಗೆ ಬರೆದ: ‘ನೋಡೋಣ ಎಂದರೆ ಬೇಡ ಅಲ್ಲ. ಮತ್ತೆ ಕೇಳು.’

ನಿಯಮ ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಒಂದು ಪ್ರಶ್ನೆ ಬೇಕಿತ್ತು. ಬೇರೇನೂ ಹೊಳೆಯದೆ ‘ಸಿಡುಕನ ಕೆಲಸ ಕಾಯಂ ಮಾಡಲೇ?’ ಎಂದು ಹಾಕಿದ. ಆಮೇಲೆ ಅಳಿಸಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಊಟಕ್ಕೆ ಕರೆದರು.

ಊಟ ಮುಗಿಯುವ ಹೊತ್ತಿಗೆ ಡಾಕ್ಟ್ರಮ್ಮ ಬಂದರು. ಹೊಸ ಆಸ್ಪತ್ರೆ ಕಟ್ಟಿಸುತ್ತಿದ್ದ ಆಕೆಗೆ ಲಿಫ್ಟು ಬೇಕಿತ್ತು. ಧಣಿ ಅವರನ್ನು ಲಿಫ್ಟಿಗೆ ಹತ್ತಿಸಿಕೊಂಡ. “ಬೇಕಂತಲೇ ಕೆಡಿಸಿ ತೋರಿಸ್ತೀನಿ ನೋಡಿ ಮೇಡಂ. ನಾವು ಒಳಗಿರೋವಾಗ್ಲೇ ಅಳಿಯ ಸರಿಮಾಡ್ತಾನೆ,” ಎಂದು, ಹೇಳಿದಂತೆಯೇ ಕೆಡಿಸಿದ. ಲಿಫ್ಟು ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತಿತು. ಬಾಗಿಲು ನಾಲ್ಕು ಬೆರಳಿನಷ್ಟು ತೆರೆದು ಕಚ್ಚಿಕೊಂಡಿತು. ಓಡಿಬಂದ ಸಿಡುಕನ ಪಾದದ ಮಟ್ಟದಲ್ಲಿ ಧಣಿಯ ಮೂಗು ಕಾಣಿಸಿತು.

ಲಿಫ್ಟಿನೊಳಗೆ ಅಳಿಯನ ಧ್ವನಿ ಇಂಪಾಗಿ ಮೊಳಗಿತು: “ಧಣಿಯವರೇ, ಸರದಿಯಲ್ಲಿ ಎರಡು ಪ್ರಶ್ನೆಗಳಿವೆ. ಮೊದಲನೆಯದು: ಸಿಡುಕನ ಕೆಲಸ ಕಾಯಂ ಮಾಡಲೇ?”

ಧಣಿ ಯೋಚಿಸಲೂ ಇಲ್ಲ. “ನೋಡೋಣ.”

“ಮತ್ತೆ ಕೇಳುತ್ತಿದ್ದೇನೆ. ಸಿಡುಕನ ಕೆಲಸ ಕಾಯಂ ಮಾಡಲೇ?”

“ಏಯ್! ಇದೇನೋ ಇದು? ಅದನ್ನ ತೆಗೆದು ಬಿಸಾಕೋ!”

ಸಿಡುಕ ಓಡಿಹೋಗಿ ಕೀಲಿಮಣೆ ಕುಟ್ಟಿದ. ಧಣಿಯನ್ನು ಕೇಳದೆ ಒಂದಕ್ಷರವನ್ನೂ ಅಳಿಸುವಂತಿಲ್ಲ ಎಂದ ಅಳಿಯ, ಅಳಿಸಲೇ ಎಂಬುದನ್ನೂ ಮೂರನೆಯ ಪ್ರಶ್ನೆಯಾಗಿ ಸರದಿಗೆ ಸೇರಿಸಿಕೊಂಡ. ಸಿಡುಕ ವಾಪಸ್ ಬಂದು ಮಂಡಿಯೂರಿದ. “ಅಳಿಸೋಕೆ ಬಿಡ್ತಿಲ್ಲ ಧಣಿ. ಬಾಗಿಲನ್ನ ಕೈಯಲ್ಲೇ ತೆಗೀತೀನಿ. ಅದರ ಕೀಲಿ ನಿಮ್ಮ ಡ್ರಾಯರಲ್ಲಿದೆ. ಡ್ರಾಯರಿನ ಬೀಗದ ಕೈ ಕೊಡಿ.”

ಧಣಿ ಸೊಂಟದಲ್ಲಿದ್ದ ಬೀಗದ ಕೈ ಮುಟ್ಟಿಕೊಂಡ. ಅದನ್ನು ಹೆಂಡತಿಯ ಕೈಗೂ ಕೊಟ್ಟವನಲ್ಲ. “ನೋಡೋಣ.”

“ಮತ್ತೆ ಕೇಳುತ್ತಿದ್ದೇನೆ. ಸಿಡುಕನ ಕೆಲಸ—”

“ರೀ, ಮಾಡು ಅಂದುಬಿಡ್ರೀ! ನನಗೆ ಉಸಿರು ಕಟ್ತಿದೆ!” ಎಂದು ಡಾಕ್ಟ್ರಮ್ಮ ಕೂಗಿದರು.

“ಇದು ಧಣಿಯವರ ಧ್ವನಿಯಲ್ಲ,” ಎಂದ ಅಳಿಯ, ವಿನಯದಿಂದ.

“ಮಾಡೋಣ, ಮಾಡೋಣ,” ಎಂದ ಧಣಿ.

“‘ಮಾಡೋಣ’ ನಿಯಮದಲ್ಲಿ ಇಲ್ಲ. ಅದು ‘ಮಾಡು’ವಿಗೆ ಹತ್ತಿರವೋ, ‘ನೋಡೋಣ’ಕ್ಕೆ ಹತ್ತಿರವೋ?”

ಹಿಂದೆ ಬಂದು ನಿಂತಿದ್ದ ಅತ್ತಿಗೆ, “ನೋಡೋಣದ ತಮ್ಮ ಅದು,” ಎಂದರು.

ಕಾಲು ಗಂಟೆ ಹೀಗೇ ನಡೆಯಿತು. ದರ್ಜಿ ಸ್ಟೂಲ್ ತಂದು ಹಾಕಿಕೊಂಡು ಕೂತ. ಧಣಿಯ ಕೊರಳಪಟ್ಟಿ ತೊಯ್ದು ತೊಪ್ಪೆಯಾಯಿತು. ‘ಮಾ’ ಎನ್ನಲು ತುಟಿ ಕೂಡಿಸುವುದು, ಸಿಡುಕನ ಮುಖ ನೋಡುವುದು, ತುಟಿ ಬಿಡಿಸುವುದು. ಸಿಡುಕ ಆ ತುಟಿಗಳನ್ನೇ ನೋಡುತ್ತಿದ್ದ. ಬಾಗಿಲು, ಡಾಕ್ಟ್ರಮ್ಮ ಎಲ್ಲ ಅವನಿಗೆ ಮರೆತುಹೋಗಿತ್ತು.

“ಮತ್ತೆ ಕೇಳುತ್ತಿದ್ದೇನೆ. ಸಿಡುಕನ ಕೆಲಸ ಕಾಯಂ ಮಾಡಲೇ?”

“ಬೇಡ!” ಎಂದು ಧಣಿ ಕಿರುಚಿದ. “ಬೇಡ ಕಣೋ, ಬೇಡ! ಯಾವತ್ತೂ ಮಾಡಬೇಕು ಅಂತ ಇರ್ಲಿಲ್ಲ!”

“ಧನ್ಯವಾದಗಳು. ಎರಡನೆಯ ಪ್ರಶ್ನೆ: ಲಿಫ್ಟನ್ನು ಸರಿಪಡಿಸಲೇ?”

“ಮಾಡು!”

ಲಿಫ್ಟು ಮೇಲೆ ಬಂತು, ಬಾಗಿಲು ತೆರೆಯಿತು. ಡಾಕ್ಟ್ರಮ್ಮ ಹಿಂದೆ ತಿರುಗಿಯೂ ನೋಡದೆ ಮೆಟ್ಟಿಲಿನತ್ತ ಓಡಿದರು. ಧಣಿ ಮಾತ್ರ ಒಳಗೇ ನಿಂತು, ತನ್ನ ಬಾಯಿಂದ ಬಿದ್ದದ್ದು ಎಲ್ಲಿಗೆ ಉರುಳಿತೋ ಎಂಬಂತೆ ನೆಲ ನೋಡುತ್ತಿದ್ದ.

ಸಿಡುಕ ಎದ್ದು ಮಂಡಿಯ ಧೂಳು ಕೊಡವಿದ. ಕೂಗಾಡಬೇಕೆಂದು ಬಾಯಿ ತೆರೆದರೆ ಸಿಟ್ಟೇ ಸಿಗಲಿಲ್ಲ. ಮೂರು ವರ್ಷ ಎತ್ತಿ ಹಿಡಿದಿದ್ದ ಮೂಟೆಯನ್ನು ಯಾರೋ ಕಿತ್ತುಕೊಂಡಂತೆ ತೋಳು ಹಗುರಾಗಿತ್ತು. ಕೊರಳಿನ ಚೀಟಿ ತೆಗೆದು ಅತ್ತಿಗೆಯ ಕೈಗಿಟ್ಟು ಮೆಟ್ಟಿಲಿಳಿಯತೊಡಗಿದ.

“ಎಲ್ಲಿಗೋ?” ಧಣಿ ಹೊರಗೆ ಬಂದ. “ಡಾಕ್ಟ್ರಮ್ಮನ್ನ ಸಮಾಧಾನ ಮಾಡಬೇಕು, ಆ ನಿಯಮ ತಿದ್ದಬೇಕು... ನಾಳೆ ಬರ್ತೀಯ ತಾನೆ?”

ಸಿಡುಕ ಒಂದು ಮಹಡಿ ಇಳಿದು, ಕಂಬಿಯ ಸಂದಿಯಿಂದ ತಲೆ ಎತ್ತಿದ.

“ನೋಡೋಣ.”

“ನೋಡೋಣ ಅಂದ್ರೆ?” ಧಣಿಯ ದನಿ ಮೆಟ್ಟಿಲುಗಳ ಮೇಲೆ ಉರುಳಿಕೊಂಡು ಬಂತು. “ಹೂಂ ಅಂತಾನೋ ಇಲ್ಲ ಅಂತಾನೋ? ಏಯ್, ನೆಟ್ಟಗೆ ಹೇಳೋ!”