ಐದನೇ ಮೆಟ್ಟಿಲಿಗೆ ಕಳ್ಳನ ವಿಧಿ

ಹಲ್ಲಿನ ಸೆಟ್ಟು ತಯಾರಿಸುವುದು ತಂಗಿಯ ಕಸುಬು. ವಾರವಿಡೀ ಮೇಣ, ಅಚ್ಚು, ಅರ ಎಂದು ತಲೆ ತಗ್ಗಿಸಿ ಕೂತವಳಿಗೆ ಭಾನುವಾರ ಮಧ್ಯಾಹ್ನ ಬಂತೆಂದರೆ ರಾಜ್ಯ ಕೈಗೆ ಸಿಕ್ಕಂತೆ. ಊಟದ ಮೇಜಿನ ಮೇಲೆ ತಾನೇ ಬರೆದ ನಕ್ಷೆ ಹರಡಿ, ಅಕ್ಕ ಭಾವನನ್ನು ಕೂರಿಸಿಕೊಂಡು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ಕಥೆಯಾಟ ನಡೆಸುತ್ತಿದ್ದಳು. ಆಟದಲ್ಲಿ ಅಕ್ಕ ಕಾಡಿನ ವೈದ್ಯೆ, ಭಾವ ಕಳ್ಳ. ನಿಜದಲ್ಲಿ ಅಕ್ಕ ಸಣ್ಣ ಕ್ಲಿನಿಕ್ಕೊಂದರ ನರ್ಸು. ಭಾವ ಬಸ್ ಡ್ರೈವರ್, ಹಳದಿ ದೀಪ ಕಂಡರೂ ಬ್ರೇಕ್ ಒತ್ತುವ ಮನುಷ್ಯ.

ಬರೀ ಅಂಕ ಕೂಡಿದ್ದಕ್ಕೆ ಪಾತ್ರಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವುದು ತಂಗಿಗೆ ಸಪ್ಪೆ ಎನಿಸಿತ್ತು. ಅದಕ್ಕೇ ಪ್ರತಿ ಮೆಟ್ಟಿಲಿಗೂ ಏರುವ ಮೊದಲು ಮಾಡಲೇಬೇಕಾದ ಒಂದು ವಿಧಿ ಕಟ್ಟುತ್ತಿದ್ದಳು. ಕಳ್ಳನ ಐದನೇ ಮೆಟ್ಟಿಲಿಗೆ ಮೂರು ಹಾಳೆ ಹರಿದ ಮೇಲೆ ಬರೆದದ್ದು ಇಷ್ಟೇ: ಯಾರೂ ಪತ್ತೆ ಹಚ್ಚದ ಒಂದು ಕಳವನ್ನು ಅವನು ಜೊತೆಗಾರ್ತಿಯ ಮುಂದೆ ಒಪ್ಪಿಕೊಳ್ಳಬೇಕು.

ಭಾವ ಹಾಳೆಯನ್ನು ಎರಡು ಸಲ ಓದಿದ. ಗಂಟಲು ಸರಿಮಾಡಿಕೊಂಡ.

"ವೈದ್ಯೆಗೆ ಅಂತ ಒಂದು ಹಕ್ಕಿ ಸುದ್ದಿ ತಂದಿತ್ತು. ನಾನು ಕೇಳಿಸ್ಕೊಂಡು ಹಾರಿಸಿಬಿಟ್ಟೆ. ಅವಳಿಗೆ ಹೇಳಲೇ ಇಲ್ಲ."

"ಭಲೇ ಭಾವ!" ಎಂದು ತಂಗಿ ಚಪ್ಪಾಳೆ ತಟ್ಟಿದಳು.

ಅಕ್ಕ ನಗುತ್ತಲೇ ಕೇಳಿದಳು, "ಯಾವಾಗ ಬಂತು ಆ ಹಕ್ಕಿ?"

"ಮಗಳಿಗೆ ಹಲ್ಲು ಬರ್ತಿತ್ತಲ್ಲ, ಆಗ."

ತಂಗಿ ಗಡಿಬಿಡಿಯಲ್ಲಿ ವೈದ್ಯೆಯ ಹಾಳೆ ಹುಡುಕಿದಳು. ವೈದ್ಯೆಗೆ ಮಗಳೇ ಇರಲಿಲ್ಲ.

"ರೀ, ಯಾರು ಮಾತಾಡ್ತಿರೋದು? ಕಳ್ಳನಾ, ನೀವಾ?"

ಭಾವನಿಗೂ ಅದು ಗೊತ್ತಿದ್ದಂತೆ ಕಾಣಲಿಲ್ಲ. "ನಿನಗೆ ಆಪರೇಷನ್ ಥಿಯೇಟರ್ ಟ್ರೈನಿಂಗಿಗೆ ಸೀಟು ಸಿಕ್ಕಿದೆ ಅಂತ ಫೋನ್ ಬಂದಿತ್ತು. ಒಂದು ವರ್ಷ ಬೇರೆ ಊರು. ಮಗೂನ ಇಟ್ಕೊಂಡು ಒಬ್ಬನೇ ಹೇಗಪ್ಪಾ ಅಂತ ಭಯ ಆಯ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂತಲೇ ಹನ್ನೊಂದು ವರ್ಷ ಆಗೋಯ್ತು."

"ನಾನೇ ಲಾಯಕ್ಕಿಲ್ಲ, ಅದಕ್ಕೇ ಕರೀಲಿಲ್ಲ ಅಂದ್ಕೊಂಡಿದ್ದೆ ರೀ," ಎಂದಳು ಅಕ್ಕ.

"ಇದು ಆಟ ಅಲ್ವಾ..." ಎಂದ ತಂಗಿಯ ಮಾತು ಅರ್ಧಕ್ಕೇ ನಿಂತಿತು. ಮಣ್ಣಿನ ಗುಡ್ಡೆ ಎಂದುಕೊಂಡು ಹುತ್ತಕ್ಕೆ ಕೈ ಹಾಕಿದ್ದಳು. ಯಾರ ಕ್ಷಮೆ ಕೇಳಬೇಕು, ಯಾತಕ್ಕೆ ಕೇಳಬೇಕು, ಒಂದೂ ತಿಳಿಯಲಿಲ್ಲ.

ಅಕ್ಕ ಅವತ್ತು ತಂಗಿಯ ಮನೆಯಲ್ಲೇ ಉಳಿದಳು. ಮೂರು ದಿನ ಅಲ್ಲಿಂದಲೇ ಕೆಲಸಕ್ಕೆ ಹೋಗಿಬಂದಳು. ದಿನಾ ಮಗಳಿಗೆ ಫೋನ್ ಮಾಡುತ್ತಿದ್ದಳು, ಗಂಡನ ಹೆಸರೆತ್ತುತ್ತಿರಲಿಲ್ಲ. ಬುಧವಾರ ಬಟ್ಟೆ ಮಡಚುತ್ತಾ ಹೇಳಿದಳು, "ಮೈಯೆಲ್ಲ ಉರೀತಿದೆ ಕಣೇ. ಅವರು ಊಟ ಮಾಡಿದ್ರೋ ಇಲ್ವೋ ಅಂತಾನೂ ಅನಿಸ್ತಿದೆ. ಎರಡೂ ಒಟ್ಟಿಗೇ ಹೇಗೆ ಬರುತ್ತೆ?"

"ನನಗೇನು ಗೊತ್ತಕ್ಕ."

ಗುರುವಾರ ಭಾವ ರಜೆ ಹಾಕಿ ಬಂದ. ಬಾಗಿಲಲ್ಲೇ ನಿಂತು ಆ ತರಬೇತಿಯ ಈ ವರ್ಷದ ಅರ್ಜಿ ಚಾಚಿದ. "ವಿಚಾರಿಸ್ಕೊಂಡು ಬಂದೆ. ವಯಸ್ಸಿನ ಮಿತಿ ಇಲ್ವಂತೆ."

ಅಕ್ಕ ಅರ್ಜಿಯ ಎರಡೂ ಬದಿ ಓದಿದಳು. "ತುಂಬ್ತೀನೋ ಬಿಡ್ತೀನೋ ನಾನು ನೋಡ್ಕೋತೀನಿ. ನನಗೆ ಬರೋ ಫೋನ್ ಮಾತ್ರ ಇನ್ಮೇಲೆ ನೀವು ಮುಟ್ಟಬೇಡಿ."

ಭಾವ ತಲೆಯಾಡಿಸಿದ. ಕಳ್ಳ ಕದ್ದ ಮಾಲು ವಾಪಸು ತಂದು ನಿಂತಂತೆ ಕಂಡು ತಂಗಿಗೆ ನಗು ಒತ್ತರಿಸಿ ಬಂತು. ನಗಬಹುದೋ ಬಾರದೋ ಗೊತ್ತಾಗದೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಮತ್ತೆ ಹೊರಗೆ ಬರುವಷ್ಟರಲ್ಲಿ ಅಕ್ಕ ಭಾವನ ಜೊತೆ ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಅರ್ಜಿ ಅವಳ ಕೈಯಲ್ಲೇ ಇತ್ತು.