ಗಂಧ ಹಚ್ಚಿಸಿಕೊಂಡ ಯೋಯೋ

ದೇವರ ಗೂಡಿನಲ್ಲಿ ಕೂತಿದ್ದೇನೆಂದು ನನಗೆ ಕೈಮುಗಿಯಬೇಡಿ. ನಾನೊಂದು ಯೋಯೋ, ದಾರದಲ್ಲಿ ಇಳಿದು ಏರುವ ಆಟಿಕೆ. ಚನ್ನಪಟ್ಟಣದಲ್ಲಿ ಆಲೆಮರದ ತುಂಡಾಗಿದ್ದ ನನ್ನನ್ನು ಕಡೆದು, ಎರಡು ಬಿಲ್ಲೆ ಮಾಡಿ, ನಡುವೆ ಸಣ್ಣ ಕಡ್ಡಿ ಕೂರಿಸಿ, ಕೆಂಪು ಅರಗು ಹಚ್ಚಿದರು. ಆ ಕಡ್ಡಿಗೆ ದಾರವನ್ನು ಗಂಟು ಹಾಕುವುದಿಲ್ಲ, ಸಡಿಲವಾಗಿ ಬಳಸುತ್ತಾರೆ. ಹಾಗಿದ್ದರೇ ನಾನು ಕೆಳಗಿಳಿದು, ದಾರದ ತುದಿಯಲ್ಲಿ ನಿಂತಲ್ಲೇ ತಿರುಗಬಲ್ಲೆ. ಅದಕ್ಕೆ ನಿದ್ದೆ ಎನ್ನುತ್ತಾರೆ. ನಮ್ಮ ಕುಲಕ್ಕೆ ಆ ನಿದ್ದೆಯೇ ತಪಸ್ಸು.

ನನ್ನನ್ನು ಕೊಂಡವರು ಟೀವಿಯವರು. ಶಾಲೆಗಳ ಯೋಯೋ ತಂಡಗಳು ಸೆಣಸುವ ಮಕ್ಕಳ ಧಾರಾವಾಹಿ, ‘ಸುತ್ತು ಸಿಪಾಯಿಗಳು’. ತಂಡದ ನಾಯಕಿಯಾಗಿ ನಟಿಸುತ್ತಿದ್ದವಳು ಇಂಪನ. ಮುಖ ಅವಳದು, ಆಟವನ್ನು ಹತ್ತಿರದಿಂದ ತೋರಿಸುವಾಗ ಕೈ ಮಾತ್ರ ಬೇರೊಬ್ಬ ಆಟಗಾರನದು. ನೋಡುವವರಿಗೆ ಅದು ತಿಳಿಯದು. ದಾರಿಯಲ್ಲಿ ಮಕ್ಕಳು, “ಅಕ್ಕಾ, ಒಂದ್ಸಲ ನಿದ್ದೆ ಮಾಡ್ಸಿ ತೋರ್ಸಿ” ಎಂದು ಮುತ್ತಿದಾಗ ಅವಳು ನನ್ನನ್ನು ಜೇಬಿನೊಳಗೇ ಅದುಮಿ ಹಿಡಿಯುತ್ತಿದ್ದಳು.

ಅದಕ್ಕೇ ಕಲಿಯತೊಡಗಿದಳು. ಮೇಕಪ್ ಕೋಣೆಯ ಮೂಲೆಯಲ್ಲಿ ಅವಳ ಅಜ್ಜಿ ಪದ್ಮಾವತಮ್ಮ ಕೂತು ಮೆಲ್ಲಗೆ ಪದ್ಯ ವಾಚಿಸುವರು. ಇವಳು ನನ್ನನ್ನು ಇಳಿಬಿಡುವಳು. ಮೊದಮೊದಲು ಒಂದು ಸಾಲು ಮುಗಿಯುವ ಮೊದಲೇ ನನಗೆ ಎಚ್ಚರವಾಗುತ್ತಿತ್ತು. ಬರಬರುತ್ತ ಇಡೀ ಪದ್ಯ ಕೇಳುತ್ತ ನಿದ್ದೆಯಲ್ಲಿರುತ್ತಿದ್ದೆ. ಅಂಥ ಸುಖ ನನಗೆ ಮತ್ತೆ ಸಿಕ್ಕಿಲ್ಲ.

“ಕೊನೇ ಕಂತಲ್ಲಿ ನನ್ ಕೈನೇ ತೋರ್ಸಿ ಸರ್” ಎಂದು ಅವಳು ನಿರ್ದೇಶಕ ಶಿವಸ್ವಾಮಿಯನ್ನು ಕೇಳಿದಳು.

“ಒಂದೇ ಟೇಕ್ ಪುಟ್ಟಾ. ವಿಜಯದಶಮಿ ಬೆಳಗ್ಗೆ, ಸ್ಕೂಲ್ ಮಕ್ಕಳ ಮುಂದೆ. ತಪ್ಪಿದ್ರೆ ಆ ಆಟಗಾರನ ಕೈನೇ ಹಾಕ್ತೀನಿ.”

ಹಿಂದಿನ ದಿನ ಆಯುಧಪೂಜೆ. ಕ್ಯಾಮೆರಾಗೆ ಹೂವು, ದೀಪಗಳಿಗೆ ಕುಂಕುಮ. ಅಜ್ಜಿ ನನ್ನನ್ನೂ ಎತ್ತಿಕೊಂಡರು. “ನನ್ ಕೂಸಿನ ಆಯುಧ ಇದು. ಜೀವ ಇರೋ ಜಾಗಕ್ಕೇ ಹಚ್ಬೇಕು” ಎಂದು, ತೇಯ್ದ ಗಂಧವನ್ನು ನನ್ನ ನಡುವಿನ ಸಂದಿಗೆ ಗಟ್ಟಿಯಾಗಿ ತುಂಬಿದರು. ಪೂಜೆಗಿಟ್ಟ ಆಯುಧವನ್ನು ಆ ದಿನ ಯಾರೂ ಮುಟ್ಟುವಂತಿಲ್ಲ. ಇಂಪನಳೂ ಮುಟ್ಟಲಿಲ್ಲ. ಗಂಧ ಒಣಗಿ ದಾರವನ್ನು ಕಚ್ಚಿಕೊಂಡಿತು. ಕೂಗಿ ಹೇಳಲು ನನಗೆ ಬಾಯಿಲ್ಲ.

ಬೆಳಗ್ಗೆ ಕ್ಯಾಮೆರಾ ತಿರುಗಿತು. ಇಂಪನ ನನ್ನನ್ನು ಬಿಟ್ಟಳು. ಇಳಿದೆ, ನಿಲ್ಲಲಾರದೆ ಸರ್ರನೆ ಮೇಲೇರಿ ಅವಳ ಬೆರಳಿಗೇ ಬಡಿದೆ.

“ಟೀವೀಲಿ ಹುಲಿ, ಇಲ್ಲಿ ಇಲಿ ಕಣ್ರೋ!” ಮಕ್ಕಳೆಲ್ಲ ಗೊಳ್ಳೆಂದರು.

ಇಂಪನ ದಾರ ಬಿಚ್ಚಿದಳು. ಗಂಧದ ಹಕ್ಕಳೆ ಅವಳ ಅಂಗೈಗೆ ಉದುರಿತು. ಅಜ್ಜಿಯತ್ತ ನೋಡಿದಳು. ಅವರು ಕಣ್ಮುಚ್ಚಿ, ಮೊಮ್ಮಗಳಿಗಾಗಿ ತುಟಿ ಆಡಿಸುತ್ತ ಕೂತಿದ್ದರು. ಅವಳು ಮುಷ್ಟಿ ಮುಚ್ಚಿದಳು.

“ನನ್ ಕೈನೇ ತಪ್ತು ಸರ್.”

ಕಂತು ಪ್ರಸಾರವಾದಾಗ ಅದರಲ್ಲಿ ಆ ಆಟಗಾರನ ಕೈಯಿತ್ತು. ಅದು ಮೊಮ್ಮಗಳ ಕೈಯೇ, ಆಮೇಲೆ ಇನ್ನೊಮ್ಮೆ ತೆಗೆದಿರಬೇಕೆಂದು ಅಜ್ಜಿ ನಂಬಿದರು. ನನ್ನನ್ನು ಮನೆಗೆ ತಂದು ದೇವರ ಗೂಡಿನಲ್ಲಿಟ್ಟು, ಬಂದವರಿಗೆಲ್ಲ, “ಟೀವೀಲಿ ಬಂದಿದ್ದು ಇದೇ ಕಣ್ರೀ. ಏನು ಕೈ ನಮ್ ಹುಡುಗೀದು!” ಎನ್ನುವರು. ಇಂಪನ ಎದ್ದು ಒಳಗೆ ಹೋಗುವಳು. ನನಗೆ ತಗ್ಗಿಸಲು ತಲೆಯೂ ಇಲ್ಲ. ಯಾರದೋ ಕೈಯ ಕೀರ್ತಿಗೆ ವರ್ಷ ವರ್ಷವೂ ನಡುವಿಗೇ ಗಂಧ ಹಚ್ಚಿಸಿಕೊಂಡೆ.

ಇಂಪನ ಕಾಲೇಜು ಸೇರಿದ ವರ್ಷದ ಆಯುಧಪೂಜೆ. ಅಜ್ಜಿ ಪದ್ಯ ಹೇಳುತ್ತ ಗಂಧದ ಬೆರಳನ್ನು ನನ್ನತ್ತ ತಂದರು.

“ನಡುವೆ ಬೇಡ ಅಜ್ಜಿ. ಮೇಲ್ಗಡೆ ಹಚ್ಚು.”

“ಯಾಕೆ ಕಂದಾ?”

“ಅಲ್ಲಿ ಹಚ್ಚಿದ್ರೆ ಅದಕ್ಕೆ ನಿದ್ದೆ ಬರಲ್ಲ.”

ಪದ್ಯ ಅರ್ಧಕ್ಕೆ ನಿಂತಿತು. ಅಜ್ಜಿ ಮೊಮ್ಮಗಳ ಕೈಗಳನ್ನೇ ನೋಡಿದರು.

“ಅವತ್ತೇ ಯಾಕೆ ಹೇಳ್ಲಿಲ್ಲ?”

“ನೀನು ಕಣ್ಮುಚ್ಕೊಂಡು ಕೂತಿದ್ದೆ.”

ಅಜ್ಜಿ ತಲೆಯ ಪಿನ್ನು ತೆಗೆದು ನನ್ನ ಸಂದಿಯಿಂದ ಹಳೆಯ ಗಂಧವನ್ನೆಲ್ಲ ಕೆರೆದರು. ಸೆರಗಿನಿಂದ ಒರೆಸಿದರು. ಹೊಸ ದಾರ ತರಿಸಿದರು.

“ತಗೋ, ಬಿಡು.”

“ಇವತ್ತು ಮುಟ್ಬಾರ್ದಲ್ವಾ ಅಜ್ಜಿ?”

“ಬಿಡೇ.”

ನಾನು ಇಳಿದೆ, ನಿಂತೆ, ನಿದ್ದೆ ಹೋದೆ. ಎಷ್ಟು ಹೊತ್ತೆಂದು ಅಳೆಯಲು ಆ ದಿನ ಪದ್ಯವಿರಲಿಲ್ಲ. ಅಜ್ಜಿ ಕಣ್ತೆರೆದು ನೋಡುತ್ತಲೇ ಇದ್ದರು.