ಅಂಗಾಲಿನ ಕೆಂಪು

"ಮೇಡಂ ಬಂದಿದಾರೆ ತಾನೆ?" ಎಂದು ಕ್ಲಬ್ಬಿನ ಮ್ಯಾನೇಜರು ಕೇಳಿದಾಗ ರಿಪೇರಿಯವನು ಇನ್ನೂ ಸ್ಕೂಟರಿನಿಂದ ಚೀಲ ಇಳಿಸುತ್ತಿದ್ದ. ಕೊಳದ ಕಡೆ ಕೈ ತೋರಿಸಿ ಹಲ್ಲು ಕಿರಿದ. ಹೆಂಡತಿ ಆಗಲೇ ಈಜುಕೊಳಕ್ಕೆ ಒಂದು ಸುತ್ತು ಹಾಕಿ, ನೀರು ಎಷ್ಟು ಇಳಿದಿದೆಯೆಂದು ಬಗ್ಗಿ ನೋಡುತ್ತಿದ್ದಳು.

ಸೋರಿಕೆ ಹುಡುಕುವ ಈ ಕಸುಬು ಮೊದಲು ಅವನದು. ಅವಳಿಗೆ ಈಜು ಕಲಿಸಿದವನೂ ಅವನೇ, ನೀರೊಳಗೆ ಕಣ್ಣು ಬಿಡಲು ಕಲಿಸಿದವನೂ ಅವನೇ. ಅವನ ಕಿವಿಯ ತಮಟೆ ಹರಿದು, ಇನ್ನು ಮುಳುಗಿದರೆ ಕಿವಿಯ ಆಸೆ ಬಿಡಬೇಕೆಂದು ಡಾಕ್ಟರು ಹೇಳಿದ ಮೇಲೆ, ಸ್ವಲ್ಪ ದಿನದ ಮಟ್ಟಿಗೆ ಅಂತ ಅವಳನ್ನು ಇಳಿಸಿದ್ದ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಅವನು ಅರ್ಧ ದಿನ ತಡಕಾಡಿ ಹಿಡಿಯುತ್ತಿದ್ದ ಬಿರುಕನ್ನು ಅವಳು ಕಾಫಿ ಆರುವಷ್ಟರಲ್ಲಿ ಹಿಡಿಯುತ್ತಿದ್ದಳು. ಈಗ ಜನ ಅವನ ಫೋನಿಗೇ ಫೋನು ಮಾಡಿ ಅವಳನ್ನು ಕೇಳುತ್ತಾರೆ. ಪಕ್ಕದ ಮನೆಯವನ ಮೇಲಾದರೆ ಹೊಟ್ಟೆಕಿಚ್ಚನ್ನು ಹೆಂಡತಿಯ ಹತ್ತಿರವಾದರೂ ಹೇಳಿಕೊಳ್ಳಬಹುದು. ಹೆಂಡತಿಯ ಮೇಲೇ ಆದರೆ ಯಾರ ಹತ್ತಿರ ಹೇಳುವುದು? ಸಾಲದ್ದಕ್ಕೆ ಅವಳು ಸ್ಕೂಟರನ್ನೂ ಕಲಿತಿದ್ದಳು. ಚೀಲ ಹೊರುವುದಕ್ಕೂ ತಾನು ಬೇಡವಾಗುವ ದಿನ ಬಂದೇ ಬರುತ್ತದೆಂದು ಅವನಿಗೆ ಭಯ.

ಪಂಪು ನಿಲ್ಲಿಸಿದರು. ಅವಳು ಸಿರಿಂಜಿನಲ್ಲಿ ಕೆಂಪು ಬಣ್ಣ ತುಂಬಿಕೊಂಡು ಇಳಿದಳು. ಅನುಮಾನ ಬಂದ ಕಡೆ ಒಂದು ತೊಟ್ಟು ಬಿಟ್ಟರೆ, ಸೋರಿಕೆಯಿದ್ದಲ್ಲಿ ಬಣ್ಣ ದಾರದ ಹಾಗೆ ಒಳಗೆ ಎಳೆದುಕೊಂಡು ಹೋಗುತ್ತದೆ. ಆದರೆ ನೀರು ಅಲುಗಬಾರದು; ಅಲುಗಿದರೆ ಬಣ್ಣ ಚೆದುರಿ ಕೆಲಸ ಕೆಡುತ್ತದೆ. ಅದಕ್ಕೇ ದಡದಲ್ಲಿ ಒಬ್ಬರು ಕಾವಲು ಕೂರಬೇಕು. ಆ ಕಾವಲು ಅವನ ಪಾಲಿಗೆ ಉಳಿದಿತ್ತು.

ಮ್ಯಾನೇಜರು ಪಕ್ಕದಲ್ಲಿ ನಿಂತು, ಬೇರೆಯವರು ವಾರವೆಲ್ಲ ಹುಡುಕಿ ಕೈಚೆಲ್ಲಿದ್ದನ್ನೂ ಮೇಡಮ್ಮಿನ ಹೆಸರು ಊರೆಲ್ಲ ಹರಡಿರುವುದನ್ನೂ ವಿವರಿಸಿದರು. "ನೀವು ಪುಣ್ಯವಂತರು ಬಿಡಿ, ಕೂತಲ್ಲೇ ಕೆಲಸ ಆಗುತ್ತೆ," ಎಂದು ಹೊರಟುಹೋದರು.

ಅವನು ಶೂ ಕಾಲುಚೀಲ ಕಳಚಿ, ಸೆಕೆಗೆ ಅನ್ನುವ ಹಾಗೆ ಬಲಗಾಲನ್ನು ನೀರಿಗೆ ಬಿಟ್ಟು ಮೆಲ್ಲಗೆ ಆಡಿಸಿದ. ಕೆಳಗೆ ಕೆಂಪು ಚೆದುರಿತು. ಅವಳು ಮೇಲೆ ಬಂದು ಉಸಿರೆಳೆದುಕೊಂಡು ಮತ್ತೆ ಮುಳುಗಿದಳು. ಅವನು ಮತ್ತೆ ಆಡಿಸಿದ. ಒಂದು ದಿನ, ಒಂದೇ ದಿನ, ಇವಳೂ ಬರಿಗೈಲಿ ಮೇಲೆ ಬರಲಿ.

ಈ ಸಲ ಬಣ್ಣ ಅವನ ಕಾಲಿನ ಬುಡದಲ್ಲೇ ಮೋಡದ ಹಾಗೆ ಎದ್ದಿತು. ಬೆಚ್ಚಿ ಕಾಲೆಳೆದುಕೊಂಡ. ಅವಳ ಕೈ ತಪ್ಪಿರಬೇಕು ಅಂದುಕೊಂಡು ಒಳಗೊಳಗೇ ಖುಷಿಪಟ್ಟು, ಒದ್ದೆ ಕಾಲಿಗೇ ಕಾಲುಚೀಲ, ಶೂ ಏರಿಸಿದ.

ನೀರು ನಿಂತಿತು. ಅವಳು ಮತ್ತೆ ಸಿರಿಂಜು ತುಂಬಿಕೊಂಡು ಮುಳುಗಿದಾಗ, ಕೊಳದ ದೀಪದ ಪಕ್ಕದ ಸಂದಿಯೊಳಗೆ ಕೆಂಪು ಎಳೆಯೊಂದು ನೆಟ್ಟಗೆ ಹೊಕ್ಕಿತು. ಬಿರುಕಿಗೆ ಮೆತ್ತುವ ಪುಟ್ಟಿಯನ್ನು ನಾದಿ ಒತ್ತಿ, ಸಂದಿ ಮುಚ್ಚಿ ಅವಳು ಮೇಲೆ ಬಂದಾಗ, ವಾಪಸು ಬಂದಿದ್ದ ಮ್ಯಾನೇಜರು ಹೊಗಳಲು ಬಾಯಿ ತೆರೆದರು.

"ನಂದೇನಿಲ್ಲ ಸಾರ್," ಎಂದಳು ಕೂದಲು ಹಿಂಡುತ್ತ. "ನೀರು ಅಲುಗದ ಹಾಗೆ ಕಾಯ್ದೋರು ಇವರು."

ಹಾಗೆನ್ನುವಾಗ ಅವನ ಕಡೆ ನೋಡಲಿಲ್ಲ.

ಮನೆಗೆ ಬಂದು ಬಚ್ಚಲಲ್ಲಿ ಕಾಲುಚೀಲ ಎಳೆದಾಗ ಬಲಗಾಲಿನ ಅಂಗಾಲು ಹಿಮ್ಮಡಿಯಿಂದ ಬೆರಳಿನವರೆಗೆ ಕೆಂಪಾಗಿತ್ತು. ಸೋಪು ಹಾಕಿದ, ಕಲ್ಲಿಗೆ ತಿಕ್ಕಿದ.

"ಉಜ್ಜಬೇಡ್ರೀ," ಎಂದಳು ಬಾಗಿಲಾಚೆಯಿಂದ. "ಚರ್ಮ ಹೋಗುತ್ತೆ, ಬಣ್ಣ ಹೋಗಲ್ಲ. ನಿಮ್ಮ ಕಾಲು ನಂಗೆ ಗೊತ್ತಾಗಲ್ವಾ?"

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನೂ ಎರಡು ಮಾತು ಜೋರಾಗಿ ಆಡಬಹುದಿತ್ತು.

"ಹೊಟ್ಟೆ ಉರೀತು ಕಣೇ," ಎಂದ, ಬಾಗಿಲಿಗೆ.

ಅವಳು ಟವೆಲನ್ನು ಬಾಗಿಲ ಮೇಲೆ ಹಾಕಿದಳು. "ನಾಳೆ ಸ್ಕೂಲಿನ ಕೊಳ ಇದೆ. ಒಬ್ಬಳೇ ಹೋಗಿಬರ್ಲಾ?"

ಅವನು ಭಯಪಟ್ಟಿದ್ದ ಮಾತೇ ಅದು.

ಬೆಳಿಗ್ಗೆ ಅವಳು ಹೊರಗೆ ಬರುವ ಹೊತ್ತಿಗೆ ಅವನು ಚೀಲ ಕಟ್ಟಿಕೊಂಡು ಸ್ಕೂಟರಿನ ಹತ್ತಿರ ನಿಂತಿದ್ದ. ಅವಳು ಸ್ಕೂಟರಿನ ಕೀಯನ್ನು ಅವನ ಕೈಗೆ ಕೊಟ್ಟಳು. ಸ್ಕೂಲಿನಲ್ಲಿ ಪಂಪು ನಿಂತ ಮೇಲೆ, ಎದೆಯುದ್ದ ನೀರಿನಲ್ಲಿ ಸಿರಿಂಜು ಹಿಡಿದು ನಿಂತು ದಡದತ್ತ ನೋಡಿದಳು. ಅವನು ಶೂ ಕಾಲುಚೀಲ ಕಳಚಿ, ದಡದಿಂದ ಒಂದು ಮಾರು ಹಿಂದೆ ಸರಿದು, ಚಕ್ಕಳಮಕ್ಕಳ ಹಾಕಿ ಕೂತ. ಕೆಂಪು ಅಂಗಾಲು ತೊಡೆಯ ಮೇಲೆ ಅವಳಿಗೆ ಕಾಣುವ ಹಾಗೆ ಮೇಲ್ಮುಖವಾಗಿತ್ತು.

ಅವಳು ಉಸಿರು ತುಂಬಿಕೊಂಡು ಮುಳುಗಿದಳು. ಅಲೆಯೊಂದು ದಡದವರೆಗೆ ಬಂದು ತಗಲಿತು. ಆಮೇಲೆ ನೀರು ನಿಂತಿತು.